ಈರುಳ್ಳಿ ಬೇರಿನ ಸ್ಲೈಡಲ್ಲಿ ನಾಲ್ಕು ಹಂತ ಯಾಕೆ ಕಾಣಲಿಲ್ಲ?

ಪ್ರಶ್ನೆ: ನನ್ನ ಮಗಳು ಫಸ್ಟ್ ಪಿಯುಸಿ. ಮೊನ್ನೆ ಬಯಾಲಜಿ ಲ್ಯಾಬಲ್ಲಿ ಈರುಳ್ಳಿ ಬೇರಿನ ಸ್ಲೈಡ್ ಮಾಡಿಸಿದರಂತೆ. ಪುಸ್ತಕದಲ್ಲಿ ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ನಾಲ್ಕು ಚಿತ್ರ ಇದೆ. ಇವಳಿಗೆ ಕಂಡಿದ್ದು ಬರೀ ಗುಂಡು ಗುಂಡು ಚುಕ್ಕೆ. ಒಂದೆರಡು ಕಡೆ ಏನೋ ಕಲಸಿದ ಹಾಗಿತ್ತಂತೆ, ಅದೂ ಪುಸ್ತಕದ ಯಾವ ಚಿತ್ರಕ್ಕೂ ಹೊಂದಲಿಲ್ಲ. ರೆಕಾರ್ಡಿಗೆ ಪುಸ್ತಕ ನೋಡಿಯೇ ಬರೆದುಕೊಂಡು ಬನ್ನಿ ಅಂದರಂತೆ. ಈಗ ಮನೆಯಲ್ಲಿ ಒಂದೇ ರಗಳೆ: ಈ ಹಂತಗಳು ನಿಜವಾಗಲೂ ಇವೆಯಾ? ಇದ್ದರೆ ಒಂದು ಮುಗಿಸಿ ಇನ್ನೊಂದಕ್ಕೆ ಹೋಗಬೇಕು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ನಾನು ಬಿ.ಕಾಂ ಓದಿದವಳು. ನನಗೂ ಅರ್ಥ ಆಗುವ ಹಾಗೆ ಹೇಳಿ.
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ನೋಡಿದ್ದಾಳೆ. ಮೊದಲು ಅದನ್ನು ಅವಳಿಗೆ ಹೇಳಿ. ಈರುಳ್ಳಿ ಬೇರಿನ ತುದಿಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಕೋಶಗಳು ಗುಂಡು ಚುಕ್ಕೆಯ ಹಾಗೇ ಕಾಣಬೇಕು. ನಾಲ್ಕೂ ಹಂತ ಸಾಲಾಗಿ, ಪುಸ್ತಕದಲ್ಲಿ ಇರುವ ಹಾಗೇ ಕಂಡವು ಅಂತ ಯಾರಾದರೂ ಬಂದು ಹೇಳಿದರೆ ನಾನು ಅವರ ಸ್ಲೈಡ್ ಒಮ್ಮೆ ತೆಗೆಸಿ ನೋಡುತ್ತೇನೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಬಾಟನಿ ಹೇಳಿಕೊಟ್ಟವನು ನಾನು. ರೆಕಾರ್ಡ್ ಬುಕ್ಕಿನಲ್ಲಿ ಎಲ್ಲರ ಮೆಟಾಫೇಸೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದರೆ ಅದು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ.

ನೀವು ಬಿ.ಕಾಂ ಅಂದಿರಲ್ಲ, ಲೆಕ್ಕದಿಂದಲೇ ಶುರು ಮಾಡೋಣ.

ಒಂದು ಕೋಶ ಒಡೆದು ಎರಡಾಗುತ್ತದಲ್ಲ, ಪುಸ್ತಕದ ಆ ನಾಲ್ಕು ಹಂತ ಆ ಕೆಲಸದ್ದೇ. ಬೇರಿನ ತುದಿಯಲ್ಲಿ ಬೆಳೆಯುತ್ತಿರುವ ಕೋಶಗಳೆಲ್ಲ ಒಂದೇ ಸಲ ಒಡೆಯುವುದಿಲ್ಲ. ಒಂದು ಈಗ ಶುರು ಮಾಡಿರುತ್ತದೆ, ಪಕ್ಕದ್ದು ಮುಗಿಸಿರುತ್ತದೆ, ಅದರಾಚೆಯದು ಇನ್ನೂ ಯೋಚನೆಯಲ್ಲೇ ಇರುತ್ತದೆ. ನಾವು ಬೇರನ್ನು ಆಸಿಡ್ಡು, ಆಲ್ಕೋಹಾಲಿನಲ್ಲಿ ಅದ್ದಿದಾಗ ಎಲ್ಲವೂ ಇದ್ದಲ್ಲೇ ಸತ್ತು ನಿಲ್ಲುತ್ತವೆ. ಮಧ್ಯಾಹ್ನ ಮೂರು ಗಂಟೆಗೆ ಇಡೀ ಬೆಂಗಳೂರಿನ ಒಂದು ಫೋಟೋ ತೆಗೆದರೆ ಅದರಲ್ಲಿ ತಾಳಿ ಕಟ್ಟುತ್ತಿರುವವರು ಎಷ್ಟು ಜನ ಸಿಗುತ್ತಾರೆ? ಮದುವೆಯಾದವರು ಲಕ್ಷಗಟ್ಟಲೆ ಇದ್ದರೂ ತಾಳಿ ಕಟ್ಟುವುದು ಒಂದು ನಿಮಿಷದ ಕೆಲಸ. ಹಾಗಾಗಿ ಫೋಟೋದಲ್ಲಿ ಅದು ಸಿಗುವುದು ಅಪರೂಪ. ಸ್ಲೈಡೂ ಅಷ್ಟೇ. ಯಾವ ಹಂತಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೋ ಅದು ಜಾಸ್ತಿ ಕಾಣುತ್ತದೆ.

ಒಂದು ಉದಾಹರಣೆ ನೋಡಿ. ಬೇರಿನ ತುದಿಯ ಕೋಶಕ್ಕೆ ಒಂದು ಸುತ್ತು, ಅಂದರೆ ಒಮ್ಮೆ ಒಡೆದಲ್ಲಿಂದ ಮತ್ತೆ ಒಡೆಯುವ ತನಕ, ಮುಗಿಸಲು 20 ಗಂಟೆ ಬೇಕು ಅಂದುಕೊಳ್ಳಿ. ನಿಮ್ಮ ಮಗಳು ಕೂತು 200 ಕೋಶ ಎಣಿಸಿದಳು. 20 ಗಂಟೆ ಅಂದರೆ 1200 ನಿಮಿಷ. ಅದನ್ನು 200ರಿಂದ ಭಾಗಿಸಿದರೆ ಒಂದು ಕೋಶಕ್ಕೆ 6 ನಿಮಿಷ ಬಂತು. ಈಗ ಅವಳಿಗೆ 180 ಗುಂಡು ಚುಕ್ಕೆ, 12 ಪ್ರೋಫೇಸ್, 3 ಮೆಟಾಫೇಸ್, 1 ಅನಾಫೇಸ್, 4 ಟೀಲೋಫೇಸ್ ಸಿಕ್ಕವು ಅಂತ ಇಟ್ಟುಕೊಳ್ಳಿ. ಪ್ರೋಫೇಸಿಗೆ 72 ನಿಮಿಷ, ಮೆಟಾಫೇಸಿಗೆ 18, ಅನಾಫೇಸಿಗೆ ಬರೀ 6, ಟೀಲೋಫೇಸಿಗೆ 24. ಗಡಿಯಾರ ಮುಟ್ಟದೆ, ಸತ್ತ ಕೋಶಗಳನ್ನು ಎಣಿಸಿ, ಬದುಕಿದ್ದಾಗ ಅವು ಎಷ್ಟು ಹೊತ್ತು ತೆಗೆದುಕೊಂಡವು ಅಂತ ಹೇಳಬಹುದು. ಅಂಕಿಗಳನ್ನು ನಾನು ಲೆಕ್ಕ ಸುಲಭವಾಗಲಿ ಅಂತ ಆರಿಸಿಕೊಂಡಿದ್ದೇನೆ. ಆದರೆ ಲೆಕ್ಕ ಮಾಡುವ ದಾರಿ ಇದೇ. ಮನುಷ್ಯರ ಕೋಶವನ್ನು ಲ್ಯಾಬಲ್ಲಿ ಬೆಳೆಸಿದಾಗ ಒಂದು ಸುತ್ತಿಗೆ ಸುಮಾರು 24 ಗಂಟೆ, ಅದರಲ್ಲಿ ಒಡೆಯುವ ಕೆಲಸ ಸುಮಾರು 1 ಗಂಟೆ. ಮಿಕ್ಕ 23 ಗಂಟೆ ಗುಂಡು ಚುಕ್ಕೆಯೇ.

ಹಾಗಾದರೆ ಪುಸ್ತಕದ ಆ ನಾಲ್ಕು ಚಿತ್ರ ಎಲ್ಲಿಂದ ಬಂದವು? ಜರ್ಮನಿಯಲ್ಲಿ ವಾಲ್ಟರ್ ಫ್ಲೆಮ್ಮಿಂಗ್ ಅಂತ ಒಬ್ಬರಿದ್ದರು. ಸಾಲಮ್ಯಾಂಡರ್ ಅನ್ನುವ, ಹಲ್ಲಿಯ ಹಾಗೆ ಕಾಣುವ ಆದರೆ ಕಪ್ಪೆಯ ಕಡೆಯ ಪ್ರಾಣಿಯ ಮರಿಗಳನ್ನು ಹಿಡಿದು, ಅವುಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿದರು. ಆ ಪ್ರಾಣಿಯ ಕೋಶ ದೊಡ್ಡದು, ಒಳಗಿನ ಎಳೆಗಳೂ ದಪ್ಪ. ಅವರು ಬರೆದ ಚಿತ್ರಗಳು 1882ರಲ್ಲಿ ಪುಸ್ತಕವಾಗಿ ಬಂದವು. ಕಂಡದ್ದೆಲ್ಲ ನೂಲಿನ ಹಾಗೆ ಇತ್ತು, ಹಾಗಾಗಿ ಗ್ರೀಕ್ ಭಾಷೆಯಲ್ಲಿ ನೂಲಿಗೆ ಇರುವ 'ಮಿಟೋಸ್' ಪದದಿಂದ, ಕೋಶಕೇಂದ್ರ (ಸ್ಲೈಡಿನ ಆ ಗುಂಡು ಚುಕ್ಕೆ) ಎರಡಾಗುವ ಈ ಕೆಲಸಕ್ಕೆ ಮೈಟೋಸಿಸ್ ಅಂತ ಹೆಸರಿಟ್ಟರು. ಪ್ರೋಫೇಸ್, ಮೆಟಾಫೇಸ್ ಅನ್ನುವ ಹೆಸರು ಕೊಟ್ಟವರು ಎಡುವಾರ್ಡ್ ಸ್ಟ್ರಾಸ್‌ಬುರ್ಗರ್, 1884ರಲ್ಲಿ. ಟೀಲೋಫೇಸ್ ಅಂತ ಹೈಡನ್‌ಹೈನ್ ಇಟ್ಟದ್ದು 1894ರಲ್ಲಿ. ಆ ನೂಲುಗಳಿಗೆ ಇಟ್ಟ ಕ್ರೋಮೋಸೋಮ್ ಅನ್ನುವ ಹೆಸರು 1888ರದ್ದು, ಅಂದರೆ ಮೈಟೋಸಿಸ್‌ಗಿಂತ ಆರು ವರ್ಷ ಚಿಕ್ಕದು.

ನೋಡಿ, ಹೆಸರುಗಳು ಬಿಡಿಬಿಡಿಯಾಗಿ, ಬೇರೆಬೇರೆಯವರಿಂದ, ಹತ್ತು ಹನ್ನೆರಡು ವರ್ಷಗಳಲ್ಲಿ ಬಂದವು. ಕೋಶ ಒಂದು ಹಂತ ಮುಗಿಸಿ ಉಸ್ಸಪ್ಪಾ ಅಂತ ಕೂರುವುದಿಲ್ಲ. ನಿಮ್ಮ ಮಗಳಿಗೆ 'ಏನೋ ಕಲಸಿದ ಹಾಗೆ' ಕಂಡಿತಲ್ಲ, ಅದು ಬಹುಶಃ ಪ್ರೋಫೇಸಿಗೂ ಮೆಟಾಫೇಸಿಗೂ ನಡುವೆ ಇದ್ದ ಕೋಶ. ಅದಕ್ಕೂ ಈಗ ಪ್ರೋಮೆಟಾಫೇಸ್ ಅಂತ ಹೆಸರಿದೆ, ಕೆಲವು ಪುಸ್ತಕಗಳು ಅದನ್ನು ಸೇರಿಸಿ ಐದು ಹಂತ ಹೇಳುತ್ತವೆ.

ಅಂದ ಮಾತ್ರಕ್ಕೆ ಎಲ್ಲಾ ಹಂತಗಳೂ ಸುಮ್ನೆ ನಮ್ಮ ಅನುಕೂಲಕ್ಕೆ ಎಳೆದ ಗೆರೆಗಳು ಅಂದುಕೊಳ್ಳಬೇಡಿ. ಒಂದು ಗೆರೆ ನಿಜ. ಮೆಟಾಫೇಸಿಗೂ ಅನಾಫೇಸಿಗೂ ನಡುವಿನ ಗೆರೆಯನ್ನು ಕೋಶವೇ ಎಳೆಯುತ್ತದೆ. ದಾಟಿದ ಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಮಗಳ ಎರಡನೇ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ. ಅಲ್ಲಿಗೆ ಬರುವ ಮೊದಲು ಆ 180 ಗುಂಡು ಚುಕ್ಕೆಗಳ ಕಡೆ ಸ್ವಲ್ಪ ನೋಡಬೇಕು, ಯಾಕೆಂದರೆ ದೊಡ್ಡ ಕೆಲಸ ಮುಗಿದಿರುವುದು ಅಲ್ಲಿ.

ಗುಂಡು ಚುಕ್ಕೆಯ ಹೊತ್ತಿಗೆ ಇಂಟರ್‌ಫೇಸ್ ಅಂತ ಹೆಸರು. ಹಳೇ ಪುಸ್ತಕಗಳಲ್ಲಿ 'ವಿಶ್ರಾಂತಿ ಹಂತ' ಅಂತ ಇತ್ತು, ಈಗಲೂ ಕೆಲವರು ಹಾಗೇ ಹೇಳುತ್ತಾರೆ. ನನಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ. ಬಣ್ಣ ಹಾಕಿ ನೋಡಿದಾಗ ಏನೂ ಆಗುತ್ತಿರುವ ಹಾಗೆ ಕಾಣಲಿಲ್ಲ, ಅದಕ್ಕೇ ವಿಶ್ರಾಂತಿ ಅಂದರು. ಕೋಶ ತನ್ನ ಡಿಎನ್‌ಎ (ವಂಶದ ಗುಣಗಳನ್ನು ಹೊತ್ತ ಆ ಎಳೆ) ಪೂರ್ತಿ ಇನ್ನೊಂದು ಪ್ರತಿ ಮಾಡುವುದು ಇದೇ 'ವಿಶ್ರಾಂತಿ'ಯಲ್ಲಿ! 1950ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಹೊವಾರ್ಡ್ ಮತ್ತು ಪೆಲ್ಕ್ ಇಬ್ಬರು ಸೇರಿ ಒಂದು ಜಾತಿಯ ಅವರೆಯ ಬೇರಿಗೆ ವಿಕಿರಣ ಸೂಸುವ ರಂಜಕ ಕುಡಿಸಿ, ಡಿಎನ್‌ಎ ಯಾವಾಗ ದುಪ್ಪಟ್ಟಾಗುತ್ತದೆ ಅಂತ ಪತ್ತೆ ಮಾಡಿದರು. ಒಡೆಯುವಾಗ ಆಗುತ್ತಿರಲಿಲ್ಲ. ಒಡೆಯುವುದಕ್ಕೆ ಎಷ್ಟೋ ಮುಂಚೆ ಆಗಿಹೋಗಿತ್ತು. ಮುಂಚಿನ ಬಿಡುವಿಗೆ ಜಿ1, ಪ್ರತಿ ಮಾಡುವ ಹೊತ್ತಿಗೆ ಎಸ್, ಆಮೇಲಿನ ಬಿಡುವಿಗೆ ಜಿ2 ಅಂತ ಹೆಸರು ಬಂದದ್ದು ಆಗ. ಮಗಳಿಗೆ ಬಾಯಿಪಾಠ ಇರಬೇಕು, ಕೇಳಿ ನೋಡಿ.

ಈಗ ನೂಲಿನ ಮಾತು. ನಾನು ಹುಟ್ಟಿ ಬೆಳೆದದ್ದು ಕಬ್ಬನ್‌ಪೇಟೆಯ ಗಲ್ಲಿಯಲ್ಲಿ, ಮನೆಯೊಳಗೇ ಮಗ್ಗ. ಅಪ್ಪ ರೇಷ್ಮೆ ನೇಯುತ್ತಿದ್ದರು. ರೇಷ್ಮೆ ನೂಲು ನೆಲದ ಮೇಲೆ ಹರಡಿಕೊಂಡಿದ್ದರೆ ಅದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವುದು ಸಾಧ್ಯವೇ ಇಲ್ಲ. ಸಿಕ್ಕಾಗುತ್ತದೆ, ತುಂಡಾಗುತ್ತದೆ. ಅದಕ್ಕೇ ಒಯ್ಯುವ ಮೊದಲು ಲಡಿ ಮಾಡಿ, ತಿರುಚಿ, ಗಂಟು ಹಾಕುತ್ತಿದ್ದರು. ನಮ್ಮ ಒಂದೊಂದು ಕೋಶದಲ್ಲೂ ಡಿಎನ್‌ಎ ಎಳೆಗಳನ್ನು ಒಂದರ ತುದಿಗೊಂದು ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಅದು ಇರುವ ಕೋಶಕೇಂದ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಇಲ್ಲ. ಈರುಳ್ಳಿಯಲ್ಲಿ ಡಿಎನ್‌ಎ ನಮ್ಮದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ನಾವು ಕತ್ತರಿಸಿ ಒಗ್ಗರಣೆಗೆ ಹಾಕುವ ಈರುಳ್ಳಿಗೆ ನಮಗಿಂತ ಐದು ಪಟ್ಟು! ಅಷ್ಟು ಎಳೆ 16 ಕ್ರೋಮೋಸೋಮುಗಳಲ್ಲೇ ತುಂಬಿಕೊಂಡಿರುವುದರಿಂದ ಒಂದೊಂದೂ ದಪ್ಪ. ಲ್ಯಾಬಲ್ಲಿ ಈರುಳ್ಳಿಯನ್ನೇ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಪ್ರೋಫೇಸ್ ಅಂದರೆ ಈ ಲಡಿ ಕಟ್ಟುವ ಕೆಲಸ. ಹರಡಿದ್ದ ಎಳೆ ಸುತ್ತಿ, ಸುತ್ತಿದ್ದನ್ನು ಮಡಚಿ, ಮಡಚಿದ್ದನ್ನು ಒತ್ತಿ, ಗಟ್ಟಿ ಕಡ್ಡಿಯ ಹಾಗೆ ಆಗುತ್ತದೆ. ಮನುಷ್ಯರ ಎಲ್ಲಕ್ಕಿಂತ ದೊಡ್ಡ ಕ್ರೋಮೋಸೋಮಿನಲ್ಲಿ ಸುಮಾರು 8 ಸೆಂಟಿಮೀಟರ್ ಎಳೆ ಇದೆ. ಲಡಿ ಕಟ್ಟಿದ ಮೇಲೆ ಅದು ಕೋಶಕೇಂದ್ರದಷ್ಟೂ ಉದ್ದ ಇರುವುದಿಲ್ಲ. ನಿಮ್ಮ ಮಗಳ ಸ್ಲೈಡಲ್ಲಿ ಕೆಲವು ಚುಕ್ಕೆಗಳ ಒಳಗೆ ನೂಡಲ್ಸ್ ತುಂಬಿದ ಹಾಗೆ ಕಂಡಿದ್ದರೆ ಅವು ಪ್ರೋಫೇಸ್. ನಯವಾಗಿ, ಒಂದೇ ಬಣ್ಣವಾಗಿ ಇದ್ದರೆ ಇನ್ನೂ ಶುರುವಾಗಿಲ್ಲ.

ಇಲ್ಲಿ ಪರೀಕ್ಷೆಗೆ ಕೂರುವ ಪ್ರತಿ ಮಗುವೂ ಎಡವುತ್ತದೆ, ಹಾಗಾಗಿ ಒಂದು ನಿಮಿಷ ನಿಲ್ಲುತ್ತೇನೆ. ಪ್ರತಿ ಮಾಡಿದ ಮೇಲೆ ಕ್ರೋಮೋಸೋಮ್ 16 ಇದ್ದದ್ದು 32 ಆಗಬೇಕಲ್ಲವಾ? ಪುಸ್ತಕ ಯಾಕೆ ಇನ್ನೂ 16 ಅನ್ನುತ್ತದೆ? ಜೋಡಿ ಪಂಚೆ ನೆನಪು ಮಾಡಿಕೊಳ್ಳಿ. ಅಂಗಡಿಯಿಂದ ತಂದಾಗ ಎರಡು ಪಂಚೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನೇಯುವಾಗಲೇ ಹಾಗೆ ನೇಯುತ್ತಾರೆ. ಕತ್ತರಿಸುವ ತನಕ ಅದು 'ಒಂದು ಜೋಡಿ', ಬಿಲ್ಲಿನಲ್ಲೂ ಒಂದೇ. ಕತ್ತರಿಸಿದ ಮೇಲೆ ಎರಡು ಪಂಚೆ. ಹಾಗೇ ಪ್ರತಿಯಾದ ಕ್ರೋಮೋಸೋಮಿನಲ್ಲಿ ಎರಡು ಅಚ್ಚು ಒಂದೇ ಥರದ ಎಳೆಗಳು ಅಂಟಿಕೊಂಡಿರುತ್ತವೆ. ಒಂದೊಂದಕ್ಕೂ ಕ್ರೋಮ್ಯಾಟಿಡ್ ಅನ್ನುತ್ತಾರೆ. ಅವನ್ನು ಅಂಟಿಸಿಟ್ಟಿರುವುದು ಕೊಹೆಸಿನ್ ಅನ್ನುವ ಉಂಗುರದಂಥ ಪ್ರೋಟೀನ್. ಆದ್ದರಿಂದ ಪ್ರೋಫೇಸಿನಲ್ಲಿ 16 ಕ್ರೋಮೋಸೋಮ್, 32 ಕ್ರೋಮ್ಯಾಟಿಡ್. ಅನಾಫೇಸಿನಲ್ಲಿ ಕತ್ತರಿ ಬಿದ್ದ ಮೇಲೆ 32 ಕ್ರೋಮೋಸೋಮ್. ಕೊನೆಗೆ ಎರಡು ಕೋಶಕ್ಕೂ ಹದಿನಾರು ಹದಿನಾರು. ಎಣಿಸುವಾಗ ಕೈಗಳನ್ನು ಬಿಟ್ಟು ಸೊಂಟ ಎಣಿಸು ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಸೊಂಟ ಅಂದರೆ ಎರಡು ಎಳೆ ಕೂಡಿರುವ ಸಣ್ಣ ಜಾಗ, ಸೆಂಟ್ರೋಮಿಯರ್.

ಲಡಿ ಕಟ್ಟಿ ಆಯಿತು. ಈಗ ಪಾಲು ಮಾಡಬೇಕು. ಅಣ್ಣ ತಮ್ಮಂದಿರ ಆಸ್ತಿ ಪಾಲಿನಲ್ಲಿ ಒಂದು ತೆಂಗಿನಮರ ಆ ಕಡೆ ಹೋದರೂ ಊರು ಮುಳುಗುವುದಿಲ್ಲ. ಇಲ್ಲಿ ಹಾಗಲ್ಲ. ಒಂದೇ ಒಂದು ಕ್ರೋಮೋಸೋಮ್ ತಪ್ಪು ಕಡೆ ಹೋದರೆ ಒಂದು ಕೋಶಕ್ಕೆ ಒಂದು ಜಾಸ್ತಿ, ಇನ್ನೊಂದಕ್ಕೆ ಒಂದು ಕಡಿಮೆ. ಹೆಚ್ಚಿನ ಸಲ ಅಂಥ ಕೋಶ ಸಾಯುತ್ತದೆ, ಇಲ್ಲಾ ಕೆಡುತ್ತದೆ. ಕ್ಯಾನ್ಸರ್ ಗಡ್ಡೆಗಳ ಕೋಶಗಳಲ್ಲಿ ಈ ಎಣಿಕೆ ತಪ್ಪಿರುವುದು ತುಂಬಾ ಸಾಮಾನ್ಯ.

ಪಾಲು ಮಾಡುವ ಯಂತ್ರಕ್ಕೆ ಇಂಗ್ಲಿಷ್ ಪುಸ್ತಕದಲ್ಲಿ ಸ್ಪಿಂಡಲ್ ಅಂತ ಇದೆ. ಮಕ್ಕಳು ಅದನ್ನು ಏನೋ ಹೊಸ ಪದ ಅಂದುಕೊಂಡು ಉರು ಹೊಡೆಯುತ್ತಾರೆ. ನಮ್ಮ ಮನೆಯಲ್ಲಿ ಅದು ದಿನಾ ಕೈಗೆ ಸಿಗುವ ವಸ್ತು: ಕದಿರು. ರಾಟೆಯ ಕದಿರಿಗೆ ನೂಲು ಸುತ್ತಿದಾಗ ಎರಡು ತುದಿ ಚೂಪಾಗಿ, ನಡು ಉಬ್ಬಿರುತ್ತದೆ. ಕೋಶದೊಳಗಿನ ಯಂತ್ರವೂ ಅದೇ ಆಕಾರ, ಅದಕ್ಕೇ ಆ ಹೆಸರು. ಎರಡು ತುದಿಗಳಿಂದ ಎಳೆಗಳು ಹೊರಟು ನಡುವಿಗೆ ಬರುತ್ತವೆ. ಈ ಎಳೆಗಳು ಡಿಎನ್‌ಎ ಅಲ್ಲ, ಮೈಕ್ರೋಟ್ಯೂಬ್ಯೂಲ್ ಅನ್ನುವ ಪ್ರೋಟೀನ್ ಕೊಳವೆಗಳು.

ಕೋಶಕೇಂದ್ರದ ಪೊರೆ ಕರಗಿದ ಮೇಲೆ ಈ ಕೊಳವೆಗಳು ಕ್ರೋಮೋಸೋಮುಗಳನ್ನು ಹುಡುಕುವ ರೀತಿ ನೋಡಬೇಕು. ಅವಕ್ಕೆ ಕಣ್ಣಿಲ್ಲ. ಕರೆಂಟ್ ಹೋದಾಗ ನಾವು ಗೋಡೆ ತಡಕಿ ಮೇಣದ ಬತ್ತಿ ಹುಡುಕುವ ಹಾಗೆ, ಒಂದು ಕೊಳವೆ ಉದ್ದ ಬೆಳೆಯುತ್ತದೆ, ಏನೂ ಸಿಗದಿದ್ದರೆ ಸರ್ರನೆ ಕುಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಮತ್ತೆ ಬೆಳೆಯುತ್ತದೆ. ಹೀಗೆ ನೂರಾರು ಕೈಗಳು ತಡಕುತ್ತಾ ಇರುತ್ತವೆ. ಕ್ರೋಮೋಸೋಮಿನ ಸೊಂಟದಲ್ಲಿ ಕೈನೆಟೋಕೋರ್ ಅನ್ನುವ ಹಿಡಿಕೆ ಇದೆ. ಕೊಳವೆಯ ತುದಿ ಅದಕ್ಕೆ ತಗುಲಿದರೆ ಹಿಡಿದುಕೊಳ್ಳುತ್ತದೆ. ಜೋಡಿಯ ಒಂದು ಎಳೆಯ ಹಿಡಿಕೆ ಈ ತುದಿಗೂ, ಇನ್ನೊಂದರದ್ದು ಆ ತುದಿಗೂ ಸಿಗಬೇಕು. ಕುರುಡಾಗಿ ತಡಕುವಾಗ ಎರಡೂ ಒಂದೇ ಕಡೆಗೆ ಸಿಕ್ಕಿಬಿಟ್ಟರೆ? ಆಗಾಗ ಸಿಗುತ್ತವೆ. ಅದು ತಪ್ಪು ಅಂತ ಕೋಶಕ್ಕೆ ಹೇಗೆ ತಿಳಿಯಬೇಕು?

ನಮ್ಮಪ್ಪ ಮಗ್ಗದ ಮೇಲೆ ಹಾಸು ಹಾಕಿ ಮುಗಿಸಿದ ಮೇಲೆ ನೂಲನ್ನು ಬೆರಳಲ್ಲಿ ಮೀಟುತ್ತಿದ್ದರು, ತಂಬೂರಿ ಮೀಟಿದ ಹಾಗೆ. ಬಿಗಿಯಾಗಿದ್ದ ನೂಲು ಬೆರಳಿಗೆ ಎದುರು ಕೊಡುತ್ತಿತ್ತು. ಸಡಿಲ ಇದ್ದರೆ ಎಲ್ಲೋ ಒಂದು ತುದಿ ಸರಿಯಾಗಿ ಕಟ್ಟಿಲ್ಲ ಅಂತ ಅರ್ಥ, ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕಣ್ಣಲ್ಲಿ ನೋಡಿ ಹುಡುಕುತ್ತಿರಲಿಲ್ಲ. ಕೋಶ ಮಾಡುವುದೂ ಇಷ್ಟೇ. ಎರಡು ಕಡೆಯಿಂದಲೂ ಎಳೆತ ಇದ್ದರೆ ನಡುವೆ ಬಿಗಿ ಬರುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಎರಡೂ ಒಂದೇ ಕಡೆ ಕಟ್ಟಿಕೊಂಡಿದ್ದರೆ ಎದುರು ಎಳೆಯುವವರಿಲ್ಲ, ಬಿಗಿ ಇಲ್ಲ. ಆಗ ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ, ಮತ್ತೆ ಹುಡುಕಾಟ.

ಇದನ್ನು ಕೈಯಾರೆ ಮಾಡಿ ತೋರಿಸಿದವರು ಅಮೆರಿಕದ ಬ್ರೂಸ್ ನಿಕ್ಲಾಸ್. 1969ರಲ್ಲಿ ಮಿಡತೆಯ ವೀರ್ಯಾಣು ತಯಾರಾಗುವ ಕೋಶಗಳಲ್ಲಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿ ತೂರಿಸಿ, ತಪ್ಪಾಗಿ ಕಟ್ಟಿಕೊಂಡಿದ್ದ ಕ್ರೋಮೋಸೋಮನ್ನು ಹಿಡಿದು ಎದುರು ದಿಕ್ಕಿಗೆ ಎಳೆದು ಹಿಡಿದರು. ಎಳೆದು ಹಿಡಿದಷ್ಟು ಹೊತ್ತು ಆ ತಪ್ಪು ಕಟ್ಟು ಬಿಚ್ಚಲಿಲ್ಲ! ಸುಳ್ಳು ಬಿಗಿ ಕೊಟ್ಟರೆ ಕೋಶವೂ ಮೋಸ ಹೋಗುತ್ತದೆ. ಅವರು ನೋಡಿದ್ದು ಮಿಯೋಸಿಸ್ (ವೀರ್ಯಾಣು, ಅಂಡಾಣು ತಯಾರಾಗುವಾಗ ನಡೆಯುವ ಬೇರೆ ಥರದ ಒಡೆಯುವಿಕೆ) ಕೋಶದಲ್ಲಿ, ಆದರೆ ಬಿಗಿ ನೋಡಿ ತೀರ್ಮಾನಿಸುವ ಪದ್ಧತಿ ಮೈಟೋಸಿಸ್‌ನಲ್ಲೂ ಅದೇ. ನನಗೆ ಈ ಪ್ರಯೋಗ ಓದಿದಾಗ ಅಪ್ಪನ ಬೆರಳು ನೆನಪಾಯಿತು. ಮೂವತ್ತು ವರ್ಷ ತರಗತಿಯಲ್ಲಿ ಅದನ್ನೇ ಹೇಳಿದೆ.

ಎಲ್ಲಾ ಕ್ರೋಮೋಸೋಮುಗಳೂ ಎರಡು ಕಡೆಯಿಂದ ಎಳೆಸಿಕೊಂಡು ನಡುವೆ ಸಾಲಾಗಿ ನಿಂತರೆ ಅದು ಮೆಟಾಫೇಸ್. ಸಾಲು ನಿಲ್ಲುವುದು ಯಾರೋ ನಿಲ್ಲಿಸಿದ್ದರಿಂದಲ್ಲ, ಎರಡೂ ಕಡೆಯ ಎಳೆತ ಸಮ ಆಗಿದ್ದರಿಂದ.

ಈಗ ಆ ನಿಜವಾದ ಗೆರೆ. ಇನ್ನೂ ಕಟ್ಟಿಕೊಳ್ಳದ ಒಂದೊಂದು ಹಿಡಿಕೆಯೂ 'ತಡಿ, ತಡಿ' ಅಂತ ಕೂಗುತ್ತಿರುತ್ತದೆ. ಕೂಗುವುದು ಅಂದರೆ ಒಂದು ರಾಸಾಯನಿಕ ಸಂದೇಶ ಕಳಿಸುವುದು. ನಮ್ಮ ಕೋಶದ ನಲವತ್ತಾರು ಕ್ರೋಮೋಸೋಮುಗಳಲ್ಲಿ ನಲವತ್ತೈದು ಸರಿಯಾಗಿ ನಿಂತು, ಒಂದು ಮಾತ್ರ ಮೂಲೆಯಲ್ಲಿ ಅಲೆಯುತ್ತಿದ್ದರೂ ಮಿಕ್ಕವೆಲ್ಲ ಕಾಯುತ್ತವೆ. ನಮ್ಮ ಮದುವೆ ಮನೆಗಳಲ್ಲಿ ಸೋದರಮಾವ ಬರುವ ತನಕ ಮುಹೂರ್ತ ನಿಲ್ಲಿಸಿಕೊಂಡು ಕೂರುತ್ತಾರಲ್ಲ, ಹಾಗೆ. 1995ರಲ್ಲಿ ಕಾನ್ಲಿ ರೀಡರ್ ಮತ್ತು ಜೊತೆಯವರು ಹೀಗೆ ಕಾಯುತ್ತಿದ್ದ ಒಂದು ಕೋಶ ಹುಡುಕಿ, ಕೊನೆಯ ಆ ಹಿಡಿಕೆಯನ್ನು ಲೇಸರ್‌ನಿಂದ ಸುಟ್ಟುಬಿಟ್ಟರು. ಕ್ರೋಮೋಸೋಮ್ ಸಾಲಿಗೆ ಬಂದಿರಲಿಲ್ಲ. ಆದರೆ ಕೂಗು ನಿಂತಿತು. ಸ್ವಲ್ಪ ಹೊತ್ತಿಗೆಲ್ಲ ಕೋಶ ಅನಾಫೇಸಿಗೆ ನುಗ್ಗಿತು. ಅಂದರೆ ಕೋಶ 'ಎಲ್ಲಾ ಬಂದರಾ' ಅಂತ ಎಣಿಸುವುದಿಲ್ಲ. 'ಇನ್ನೂ ಯಾರಾದರೂ ಕೂಗುತ್ತಿದ್ದಾರಾ' ಅಂತ ಕೇಳಿಸಿಕೊಳ್ಳುತ್ತದೆ.

ಕೂಗು ನಿಂತ ಕ್ಷಣ ಏನಾಗುತ್ತದೆ? ಸೆಪರೇಸ್ ಅಂತ ಒಂದು ಕತ್ತರಿ ಮೊದಲಿನಿಂದಲೂ ತಯಾರಾಗಿ ಕೂತಿರುತ್ತದೆ, ಆದರೆ ಅದರ ಬಾಯಿಗೆ ಸೆಕ್ಯೂರಿನ್ ಅನ್ನುವ ಒರೆ ಹಾಕಿರುತ್ತದೆ. ಒರೆಯನ್ನು ಕೋಶ ಪುಡಿ ಮಾಡಿ ಬಿಸಾಡುತ್ತದೆ. ಕತ್ತರಿ ಕೊಹೆಸಿನ್ ಉಂಗುರಗಳನ್ನು ಕತ್ತರಿಸುತ್ತದೆ. ಎಲ್ಲಾ ಜೋಡಿ ಪಂಚೆಗಳೂ ಹೆಚ್ಚುಕಡಿಮೆ ಒಂದೇ ಸಲ ಬಿಡಿಯಾಗುತ್ತವೆ. ಮೊದಲೇ ಎಳೆತ ಇತ್ತಲ್ಲ, ಎರಡು ಕಡೆಗೆ ಸರಿದು ಹೋಗುತ್ತವೆ. ಇದೇ ಅನಾಫೇಸ್. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹಾಗಾಗಿ 'ಕೋಶಕ್ಕೆ ಹೇಗೆ ಗೊತ್ತಾಗುತ್ತದೆ' ಅಂತ ಮಗಳು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ಬಿಗಿಯಿಂದ ಗೊತ್ತಾಗುತ್ತದೆ, ಕೂಗು ನಿಂತದ್ದರಿಂದ ಗೊತ್ತಾಗುತ್ತದೆ. ಇದರ ಮೇಲೆ ಸೈಕ್ಲಿನ್ ಅನ್ನುವ ಪ್ರೋಟೀನುಗಳು ಹಂತ ಹಂತವಾಗಿ ಏರಿ ಇಳಿದು ಇಡೀ ಸುತ್ತನ್ನು ನಡೆಸುತ್ತವೆ. ಆ ಕೆಲಸಕ್ಕೆ 2001ರಲ್ಲಿ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೆ ನೊಬೆಲ್ ಬಂತು. ಅದು ಇನ್ನೊಂದು ದಿನದ ಮಾತು.

ಟೀಲೋಫೇಸಿನಲ್ಲಿ ಹೊಸದು ಏನೂ ಇಲ್ಲ. ಲಡಿ ಬಿಚ್ಚುವುದು, ಪೊರೆ ಮತ್ತೆ ಕಟ್ಟುವುದು. ಆಮೇಲೆ ಕೋಶ ಎರಡಾಗಬೇಕು. ಪ್ರಾಣಿಕೋಶವಾದರೆ ನಡುವಿಗೆ ಲಾಡಿ ಬಿಗಿದ ಹಾಗೆ ಹೊರಗಿನಿಂದ ಒಳಕ್ಕೆ ಹಿಂಡಿಕೊಳ್ಳುತ್ತದೆ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇದೆ, ಹಿಂಡಲಾಗುವುದಿಲ್ಲ. ಅದು ನಡುವೆ ಒಳಗಿನಿಂದ ಹೊರಕ್ಕೆ ಹೊಸ ಗೋಡೆ ಎಬ್ಬಿಸುತ್ತದೆ.

ಈ ಕೊನೆಯ ಕೆಲಸ ಬೇರೆ, ಮೈಟೋಸಿಸ್ ಬೇರೆ. ಇದನ್ನು ನೋಡಬೇಕೆಂದರೆ ಮೂಲೆಯ ಎಳನೀರು ಗಾಡಿಗೆ ಹೋಗಿ. 'ನೀರು ಬೇಕಾ, ಗಂಜಿ ಬೇಕಾ' ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಯೇ ಪಾಠ. ಎಳೇ ಕಾಯಿಯೊಳಗೆ ಕೋಶಕೇಂದ್ರಗಳು ಒಡೆದು ಒಡೆದು ಹೆಚ್ಚುತ್ತವೆ, ಗೋಡೆ ಮಾತ್ರ ಎದ್ದಿರುವುದಿಲ್ಲ. ಎಲ್ಲಾ ಒಂದೇ ನೀರಿನಲ್ಲಿ ತೇಲುತ್ತಿರುತ್ತವೆ. ಕಾಯಿ ಬಲಿಯುತ್ತಾ ಅಂಚಿನಿಂದ ಗೋಡೆಗಳು ಏಳಲು ಶುರುವಾಗುತ್ತವೆ, ಕೋಶಗಳಾಗುತ್ತವೆ, ಅದೇ ಗಂಜಿ. ಇನ್ನೂ ಬಲಿತರೆ ಕೊಬ್ಬರಿ.

ಯಂತ್ರವನ್ನು ಹೊರಗಿನಿಂದ ನಿಲ್ಲಿಸಬಹುದಾ ಅಂತ ಮಗಳು ಮುಂದೆ ಕೇಳಿಯೇ ಕೇಳುತ್ತಾಳೆ. ನಿಲ್ಲಿಸುವ ಎರಡು ಗಿಡ ನಮ್ಮ ಸುತ್ತಲೇ ಇವೆ. ಮಲೆನಾಡಿನಲ್ಲಿ ಗೌರಿ ಹಬ್ಬಕ್ಕೆ ಇಡುವ ಗೌರಿ ಹೂ, ಅಗ್ನಿಶಿಖೆ ಅಂತಲೂ ಅನ್ನುತ್ತಾರೆ, ಕೆಂಪು ಹಳದಿ ಬೆಂಕಿಯ ಹಾಗಿರುತ್ತದೆ. ಅದರಲ್ಲಿ ಕಾಲ್ಚಿಸಿನ್ ಇದೆ. ಕೊಳವೆ ಕಟ್ಟುವ ಇಟ್ಟಿಗೆಗಳನ್ನೇ ಅದು ಹಿಡಿದಿಟ್ಟುಕೊಳ್ಳುತ್ತದೆ. ಕದಿರು ಕಟ್ಟುವುದೇ ಇಲ್ಲ, ಕೋಶ ಮೆಟಾಫೇಸಿನ ಹೊಸಿಲಲ್ಲೇ ನಿಲ್ಲುತ್ತದೆ. ನಮ್ಮ ಕ್ರೋಮೋಸೋಮ್ 48 ಅಂತ 1920ರ ದಶಕದಿಂದ ನಂಬಿಕೊಂಡಿದ್ದರು. 1956ರಲ್ಲಿ ತ್ಯೋ ಮತ್ತು ಲೆವನ್ ಇದೇ ಕಾಲ್ಚಿಸಿನ್ ಹಾಕಿ ಕೋಶಗಳನ್ನು ನಿಲ್ಲಿಸಿ, ಉಬ್ಬಿಸಿ, ಹರಡಿ ಎಣಿಸಿದಾಗ 46 ಬಂತು. ಬೇಸಿಗೆಯಲ್ಲಿ ಸಿಗುವ ಬೀಜವಿಲ್ಲದ ಕಲ್ಲಂಗಡಿಯ ಹಿಂದೆಯೂ ಈ ಕಾಲ್ಚಿಸಿನ್ನೇ ಇದೆ. ಅದರಿಂದ ಕ್ರೋಮೋಸೋಮ್ ದುಪ್ಪಟ್ಟಾದ ಗಿಡ ಮಾಡಿ, ಅದನ್ನು ಸಾಮಾನ್ಯ ಗಿಡದ ಜೊತೆ ಕೂಡಿಸಿ ಬೀಜ ತೆಗೆಯುತ್ತಾರೆ. ಗೌರಿ ಹೂವಿನ ಗಿಡ ಪೂರ್ತಿ ವಿಷ, ಗೆಡ್ಡೆ ಅಂತೂ ಪ್ರಾಣಕ್ಕೇ ಕುತ್ತು. ದಯವಿಟ್ಟು ಮನೆಯಲ್ಲಿ ಪ್ರಯೋಗ ಬೇಡ.

ಇನ್ನೊಂದು ನಿತ್ಯಪುಷ್ಪ, ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ. ನಿಮ್ಮ ಬೀದಿಯಲ್ಲೇ ಯಾವುದೋ ಕಾಂಪೌಂಡಿನಲ್ಲಿ ಇರುತ್ತದೆ, ತಿಳಿಗುಲಾಬಿ ಬಣ್ಣದ ಐದೆಸಳಿನ ಹೂ. ಅದರಿಂದ ತೆಗೆಯುವ ವಿನ್‌ಕ್ರಿಸ್ಟಿನ್ ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡುವ ಮುಖ್ಯ ಔಷಧಿಗಳಲ್ಲಿ ಒಂದು. ಇದೂ ಕದಿರು ಕಟ್ಟದ ಹಾಗೆ ತಡೆಯುತ್ತದೆ. ಬೇಗ ಬೇಗ ಒಡೆಯುವ ಕೋಶಗಳಿಗೆ ಪೆಟ್ಟು ಜಾಸ್ತಿ. ಕೂದಲ ಬುಡದ ಕೋಶಗಳೂ ಬೇಗ ಒಡೆಯುವವೇ, ಅದಕ್ಕೇ ಕೂದಲು ಉದುರುತ್ತದೆ. ನರದ ಕೋಶ ಒಡೆಯುವುದಿಲ್ಲ, ಆದರೂ ಕಾಲು ಜೋಮು ಹಿಡಿಯುತ್ತದೆ. ಯಾಕೆ? ಉದ್ದ ನರದೊಳಗೆ ಸಾಮಾನು ಸಾಗಿಸುವ ಹಳಿಯೂ ಅದೇ ಕೊಳವೆಗಳಿಂದ ಆದದ್ದು.

ಇನ್ನು ಸ್ಲೈಡಿನ ಮಾತು. ಇನ್ನೊಮ್ಮೆ ಮಾಡುವುದಾದರೆ ಬೆಳ್ಳುಳ್ಳಿ ಎಸಳು ಬಳಸಲು ಹೇಳಿ. ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ದಿನ ಇದೆ ಅನ್ನುವಾಗ ನಾನು ಇಟ್ಟಿದ್ದ ಇಪ್ಪತ್ತು ಈರುಳ್ಳಿಯಲ್ಲಿ ಹದಿನೇಳು ಬೇರು ಬಿಡದೆ ಕೊಳೆತುಹೋದವು, ಲ್ಯಾಬೆಲ್ಲ ನಾತ. ಅಟೆಂಡರ್ ಮನೆಯಿಂದ ಬೆಳ್ಳುಳ್ಳಿ ತಂದು ಕೊಟ್ಟರು. ಮಾನ ಉಳಿಯಿತು. ಬೆಳ್ಳುಳ್ಳಿಗೂ 16 ಕ್ರೋಮೋಸೋಮೇ, ಎರಡು ಮೂರು ದಿನದಲ್ಲಿ ಬೇರು ಬರುತ್ತದೆ. ಈರುಳ್ಳಿಯೇ ಆಗಬೇಕು ಅಂತ ಹಟ ಇದ್ದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಣ್ಣ ಗುಲಾಬಿ ಈರುಳ್ಳಿ ಸಿಕ್ಕರೆ ಒಳ್ಳೆಯದು, ಬಾಟಲಿ ಬಾಯಿಗೆ ಸರಿಯಾಗಿ ಕೂರುತ್ತದೆ. ಒಣಗಿದ ಹಳೇ ಬೇರುಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆಯಿರಿ. ಬುಡ ಮಾತ್ರ ನೀರಿಗೆ ತಾಗಲಿ, ಪೂರ್ತಿ ಮುಳುಗಿದರೆ ಕೊಳೆಯುತ್ತದೆ. ನೀರು ದಿನಾ ಬದಲಿಸಿ.

ಬೇರು ಎರಡು ಮೂರು ಸೆಂಟಿಮೀಟರ್ ಆದಾಗ ಬೆಳಗ್ಗೆ ಹೊತ್ತು ಕತ್ತರಿಸಿ, ಕಾಲೇಜಿನ ಲ್ಯಾಬಲ್ಲಿ ಕೊಡುವ ಆಸಿಟಿಕ್ ಆಸಿಡ್ ಮತ್ತು ಆಲ್ಕೋಹಾಲ್ ಮಿಶ್ರಣಕ್ಕೆ ಹಾಕಬೇಕು. ಮಕ್ಕಳು ಮಾಡುವ ದೊಡ್ಡ ತಪ್ಪು ಇಲ್ಲೇ: ಬೇರಿನ ಮೇಲಿನ ಭಾಗ ಕತ್ತರಿಸಿ ಬಣ್ಣ ಹಾಕುತ್ತಾರೆ. ಅಲ್ಲಿ ಕೋಶಗಳು ಉದ್ದವಾಗಿ, ಒಡೆಯುವುದನ್ನು ನಿಲ್ಲಿಸಿರುತ್ತವೆ. ಕೊನೆಯ ಎರಡು ಮಿಲಿಮೀಟರ್ ಮಾತ್ರ ಬೇಕು. ಬಣ್ಣ ಹಾಕಿದಾಗ ಆ ತುದಿ ಮಿಕ್ಕದ್ದಕ್ಕಿಂತ ಕಡುವಾಗಿ ಕಾಣುತ್ತದೆ, ಅದನ್ನು ಮಾತ್ರ ಉಳಿಸಿ ಉಳಿದದ್ದು ಬಿಸಾಡಲಿ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಸೂಜಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಬೇಕು, ಆಮೇಲೆ ಹೆಬ್ಬೆರಳಿಂದ ನೇರವಾಗಿ ಒತ್ತಬೇಕು. ಪಕ್ಕಕ್ಕೆ ಜಾರಿಸಿದರೆ ಕ್ರೋಮೋಸೋಮ್ ಎಲ್ಲಾ ಕಲಸಿಹೋಗುತ್ತದೆ.

ಆಮೇಲೆ ಚೌಕಾಕಾರದ ಕೋಶಗಳು ಒತ್ತೊತ್ತಾಗಿರುವ ಜಾಗ ಹುಡುಕಿ, ಕೂತು 200 ಎಣಿಸಲಿ. ಅನಾಫೇಸ್ ಒಂದೋ ಎರಡೋ ಸಿಕ್ಕೀತು, ಸಿಗದೆಯೂ ಇರಬಹುದು. ರೆಕಾರ್ಡಿಗೆ ಪುಸ್ತಕದ ನಾಲ್ಕು ಚಿತ್ರ ಹೇಗೂ ಬರೆಯಬೇಕು, ಮಾರ್ಕ್ಸ್ ಇರುವುದು ಅದಕ್ಕೆ. ಅದರ ಕೆಳಗೆ ತಾನು ಎಣಿಸಿದ್ದು ಎಷ್ಟು, ಯಾವುದು ಎಷ್ಟು ಸಿಕ್ಕಿತು ಅಂತ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡಲಿ. ಒಂದು ಕೋಶಕ್ಕೆ 6 ನಿಮಿಷ ಅನ್ನುವ ಲೆಕ್ಕ ನೀವು ಪಕ್ಕದಲ್ಲಿ ಕೂತು ಮಾಡಿಕೊಡಬಹುದು.